ಬರ ಬ್ರೆಜಿಲ್‌ನಲ್ಲಿ, ಬಿಲ್ಲು ನಮ್ಮ ಆಫೀಸಿನಲ್ಲಿ

ನಮ್ಮ ಆಫೀಸಿನ ಕಾಫಿ ಮಷಿನ್‌ಗೆ ನಾಲ್ಕು ಗುಂಡಿ. ಕಾಫಿ, ಟೀ, ಬಾದಾಮಿ ಹಾಲು, ಬಿಸಿನೀರು. ಮೂತಿ ಮಾತ್ರ ಒಂದೇ. ಹಿಂದಿನವರು ಟೀ ಹಿಡಿದು ಹೋಗಿದ್ದರೆ ನಮ್ಮ ಕಾಫಿಯಲ್ಲಿ ಅದರ ಪಾಲೂ ಇರುತ್ತದೆ. ಕೇಳದೇ ಸಿಗುವ ಬೈಟು. ನಿಜ ಹೇಳಬೇಕೆಂದರೆ, ನಾಲ್ಕರಲ್ಲಿ ಕಾಫಿಗೆ ಹತ್ತಿರದ ರುಚಿ ಇರುವುದು ಬಿಸಿನೀರಿಗೇ.

ಪುಕ್ಕಟೆ ಅಲ್ವಾ ಅಂತ ಇಷ್ಟು ದಿನ ಸುಮ್ನಿದ್ದೆವು. ಆಮೇಲೊಂದು ಈಮೇಲ್ ಬಂತು. ಬ್ರೆಜಿಲ್‌ನಲ್ಲಿ ಬರ, ವಿಯೆಟ್ನಾಂನಲ್ಲಿ ಬರ, ಆದ್ದರಿಂದ ಇನ್ನು ಮುಂದೆ ಲೋಟಕ್ಕೆ 10 ರೂಪಾಯಿ. ಮಷಿನ್ ಪಕ್ಕದಲ್ಲೇ ಸ್ಕ್ಯಾನ್ ಮಾಡುವ ಚೀಟಿಯನ್ನೂ ಅಂಟಿಸಿದರು.

ಬರ ಸುಳ್ಳಲ್ಲ. 2024ರಲ್ಲಿ ರೊಬಸ್ಟಾ ಕಾಫಿಯ ಬೆಲೆ ದಾಖಲೆ ಮಟ್ಟಕ್ಕೆ ಏರಿದ್ದೂ ನಿಜ. ಆದರೂ ಅನುಮಾನ ಬಂದು, ಪ್ಯಾಂಟ್ರಿ ಹುಡುಗನಿಂದ ಮಷಿನ್‌ಗೆ ಸುರಿಯುವ ಪುಡಿಯ ಪ್ಯಾಕೆಟ್ ಇಸಿದುಕೊಂಡು ಓದಿದೆ. ಜಾಸ್ತಿ ಇರುವುದನ್ನು ಮೊದಲು ಬರೆಯಬೇಕು ಅನ್ನುವುದು ನಿಯಮ. ಮೊದಲು ಸಕ್ಕರೆ, ಆಮೇಲೆ ಹಾಲಿನ ಪುಡಿ. ಕಾಫಿ ಎಲ್ಲೋ ಕೊನೇ ಪಂಕ್ತಿಯಲ್ಲಿ ಊಟಕ್ಕೆ ಕೂತ ದೂರದ ನೆಂಟನ ಹಾಗೆ ಇತ್ತು. ಚಿಕೋರಿ ಬೆರೆಸಿದ ಪುಡಿಯಲ್ಲೂ ನೂರಕ್ಕೆ 51 ಪಾಲು ಕಾಫಿ ಇರಲೇಬೇಕು ಅಂತ ಕಾನೂನಿದೆ. ಇದು ಆ ಲೆಕ್ಕಕ್ಕೂ ಬರುವುದಿಲ್ಲ. ಇದರ ಹೆಸರು ಕಾಫಿ ಪುಡಿ ಅಲ್ಲ, ಪ್ರೀಮಿಕ್ಸ್!

ಇದೆಲ್ಲ ನಡೆಯುತ್ತಿರುವುದು ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಬೆಳೆಯುವ ರಾಜ್ಯದಲ್ಲಿ, ಕಾಫಿ ಬೋರ್ಡ್ ಇರುವ ಊರಿನಲ್ಲಿ.

ತಡೆಯಲಾರದೆ ಈಮೇಲ್‌ಗೆ ಉತ್ತರ ಬರೆದೆ. 'ಸಾರ್, ನಮ್ಮ ಲೋಟದಲ್ಲಿ ಇರುವುದು ಸಕ್ಕರೆ. ಮಂಡ್ಯದಲ್ಲಿ ಕಬ್ಬು ಒಣಗಿದಾಗ ದರ ಏರಿಸಿ, ಕೊಡುತ್ತೇವೆ. ಬ್ರೆಜಿಲ್ ಬರ ನಮಗೆ ತಾಗುವುದಿಲ್ಲ.'

ಉತ್ತರ ಬರಲಿಲ್ಲ, ಮೀಟಿಂಗ್ ಬಂತು. ಹನ್ನೆರಡು ಜನ, ಒಂದೂವರೆ ಗಂಟೆ. ಕಾಫಿ ಖರ್ಚು ಉಳಿಸುವುದು ಹೇಗೆ ಅಂತ ಹದಿನೆಂಟು ಸ್ಲೈಡು. ಆ ಹೊತ್ತಿನ ಸಂಬಳ ಕೂಡಿಸಿದ್ದರೆ ಇಡೀ ಮಹಡಿಗೆ ತಿಂಗಳುಗಟ್ಟಲೆ ಫಿಲ್ಟರ್ ಕಾಫಿ ಕುಡಿಸಬಹುದಿತ್ತು. ಕೊನೆಗೆ ಆದ ತೀರ್ಮಾನ: ದರ ಅಷ್ಟೇ, ಲೋಟ ಚಿಕ್ಕದು. ಈಗ ಬಂದಿರುವ ಲೋಟದಲ್ಲಿ ಕಾಫಿ ಕುಡಿಯುವುದಲ್ಲ, ತೀರ್ಥದ ಹಾಗೆ ತೆಗೆದುಕೊಂಡು ಉಳಿದದ್ದನ್ನು ತಲೆಗೆ ಸವರಿಕೊಳ್ಳಬೇಕು.

ನಿನ್ನೆ ಸಾಕಾಗಿ ಕೆಳಗಿನ ದರ್ಶಿನಿಗೆ ಇಳಿದೆ. ಆ ಈಮೇಲ್ ಬರೆದ ಅಡ್ಮಿನ್ ಸಾಹೇಬರು ಅಲ್ಲೇ ನಿಂತು, ನೊರೆ ಕಾಫಿ ಊದುತ್ತಿದ್ದರು. ನನ್ನನ್ನು ನೋಡಿ ಸ್ವಲ್ಪ ತಬ್ಬಿಬ್ಬಾದರು.

"ಮೇಲಿಂದು ಕುಡಿಯೋಕಾಗಲ್ಲ ರೀ" ಅಂದರು.

ಆಮೇಲೆ ಕ್ಯಾಷಿಯರ್ ಕಡೆ ತಿರುಗಿದರು. "ಬಿಲ್ ಕಂಪನಿ ಹೆಸರಿಗೆ ಹಾಕಿ."