ಸತ್ಯಾಂಶ: ಇಮ್ಯೂನಿಟಿ ಜಾಸ್ತಿ ಮಾಡಿಕೊಂಡರೆ ಲಿವರ್ ಉಳಿಯುತ್ತಾ?

ಮಂಡ್ಯ, ಮದ್ದೂರು ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: "ಹೆಪಟೈಟಿಸ್ ಬಿ ವೈರಸ್ ಲಿವರನ್ನು ತಿಂದುಹಾಕುತ್ತೆ. ಅಮೃತಬಳ್ಳಿ ಕಷಾಯ ಕುಡಿದು ಇಮ್ಯೂನಿಟಿ ಹೆಚ್ಚಿಸಿಕೊಳ್ಳಿ." ಇದು ತಪ್ಪು.

ಈ ವೈರಸ್ ಸಾಮಾನ್ಯವಾಗಿ ಲಿವರ್ ಕೋಶವನ್ನು ತಾನೇ ಕೊಲ್ಲುವುದಿಲ್ಲ. ಒಳಗೆ ಕೂತು ತನ್ನ ಸಂತಾನ ಬೆಳೆಸುತ್ತದೆ ಅಷ್ಟೆ. ಸೋಂಕಿರುವ ಕೋಶವನ್ನು ಗುರುತಿಸಿ ಕೊಲ್ಲುವುದು ನಮ್ಮದೇ ಟಿ ಕೋಶಗಳು, ಅಂದರೆ ಇಮ್ಯೂನಿಟಿಯ ಸೈನಿಕರಾದ ಒಂದು ಬಗೆಯ ಬಿಳಿ ರಕ್ತಕಣಗಳು. ಎಸ್‌ಜಿಪಿಟಿ (ಲಿವರ್ ಕೋಶ ಹಾಳಾದಾಗ ರಕ್ತಕ್ಕೆ ಸೋರುವ ಕಿಣ್ವ) ಏರುವುದು ಆಗ. ದಾಳಿ ಹದವಾಗಿದ್ದರೆ ವೈರಸ್ ತೊಲಗುತ್ತದೆ. ಮಿತಿಮೀರಿದರೆ ಲಿವರೇ ಕೈಕೊಡಬಹುದು. ಅರೆಬರೆ ದಾಳಿ ವರ್ಷಗಟ್ಟಲೆ ನಡೆದರೆ ಸಿರೋಸಿಸ್, ಅಂದರೆ ಲಿವರ್ ಕಲೆಗಟ್ಟಿ ಗಡುಸಾಗುವುದು. ಈ ದಾಳಿಗೆ ಕಡಿವಾಣ ಹಾಕುವ ನಿಯಂತ್ರಕ ಟಿ ಕೋಶಗಳೂ ನಮ್ಮಲ್ಲೇ ಇವೆ.

ಹೆರಿಗೆ ಹೊತ್ತಿನಲ್ಲಿ ತಾಯಿಯಿಂದ ಸೋಂಕು ತಗುಲಿದ ಕೂಸುಗಳನ್ನು ನೋಡಿ. 10ರಲ್ಲಿ ಸುಮಾರು 9 ಕೂಸುಗಳಲ್ಲಿ ವೈರಸ್ ಉಳಿದುಬಿಡುತ್ತದೆ. ರಕ್ತದ ತುಂಬ ವೈರಸ್, ಆದರೂ ಎಷ್ಟೋ ವರ್ಷ ಲಿವರ್ ಪರೀಕ್ಷೆ ನಾರ್ಮಲ್! ವೈರಸ್ಸೇ ತಿನ್ನುವುದಾಗಿದ್ದರೆ ಹೀಗಾಗುತ್ತಿರಲಿಲ್ಲ ಅಲ್ವಾ?

ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರಿಗೆ ಲಿವರ್ ಹಾನಿಯಾಗಿದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಹಾಗಂತ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಯನ್ನು ಸ್ವಂತಕ್ಕೆ ನುಂಗಬೇಡಿ. ಅಡಗಿದ್ದ ವೈರಸ್ ಮತ್ತೆ ಏಳಬಹುದು.

ಕಣ್ಣು ಹಳದಿಯಾದರೆ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಕೂಸು ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸುವುದನ್ನಂತೂ ಮರೆಯಬೇಡಿ.