ಸತ್ಯಾಂಶ: 14 ಕೋಟಿ ಮಕ್ಕಳಿಗೆ ಯಾರೂ ಇಲ್ಲವೇ?

‘ಜಗತ್ತಿನಲ್ಲಿ 14 ಕೋಟಿ ಅನಾಥ ಮಕ್ಕಳು ಮನೆಗಾಗಿ ಕಾಯುತ್ತಿದ್ದಾರೆ. ವಿದೇಶಕ್ಕೆ ಹೋಗಿ ಒಂದು ಮಗುವನ್ನು ಕರೆತನ್ನಿ, ಅದೇ ದೇವರ ಸೇವೆ’ ಎಂಬ ಸಂದೇಶ ಕ್ರೈಸ್ತ ಕುಟುಂಬಗಳಲ್ಲಿ ಆಗಾಗ ಸುತ್ತುತ್ತದೆ. ಜೊತೆಗೆ ಅನಾಥರನ್ನು ಪರಾಮರಿಸಬೇಕು ಎನ್ನುವ, ಬೈಬಲ್‌ನ ಯಾಕೋಬನ ಪತ್ರಿಕೆಯ ವಾಕ್ಯವೂ ಇರುತ್ತದೆ.

ಸಂಖ್ಯೆ ಸುಳ್ಳಲ್ಲ, ಅರ್ಥ ತಪ್ಪು. ವಿಶ್ವಸಂಸ್ಥೆಯ ಮಕ್ಕಳ ಸಂಸ್ಥೆಯಾದ ಯುನಿಸೆಫ್ ಲೆಕ್ಕದಲ್ಲಿ ತಂದೆ ಅಥವಾ ತಾಯಿ, ಒಬ್ಬರನ್ನು ಕಳೆದುಕೊಂಡ ಮಗುವೂ ಅನಾಥವೇ. 2015ರ ಅಂದಾಜಿನ ಸುಮಾರು 14 ಕೋಟಿಯಲ್ಲಿ ಇಬ್ಬರನ್ನೂ ಕಳೆದುಕೊಂಡವರು 1.51 ಕೋಟಿ. ಅವರಲ್ಲೂ ಹೆಚ್ಚಿನವರು ಅಜ್ಜಿಯ ಮನೆಯಲ್ಲೋ ಚಿಕ್ಕಪ್ಪನ ಮನೆಯಲ್ಲೋ ಬೆಳೆಯುತ್ತಿರುತ್ತಾರೆ. ನಮ್ಮ ಊರುಗಳಲ್ಲೂ ಅದೇ ಅಲ್ಲವೇ ವಾಡಿಕೆ?

ಈ ತಪ್ಪು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಕೆರಿಬಿಯನ್ ದೇಶ ಹೈಟಿ ಸಾಕ್ಷಿ. 2010ರ ಜನವರಿಯ ಭೂಕಂಪದ ನಂತರ ಅಮೆರಿಕದ ಹತ್ತು ಮಂದಿ ಬ್ಯಾಪ್ಟಿಸ್ಟ್ ಪಂಗಡದ ಕ್ರೈಸ್ತರು 33 ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಪಕ್ಕದ ಡೊಮಿನಿಕನ್ ಗಣರಾಜ್ಯದ ಗಡಿಗೆ ಬಂದರು. ಸರಿಯಾದ ಕಾಗದಪತ್ರ ಇರಲಿಲ್ಲ, ಪೊಲೀಸರು ತಡೆದರು. ವಿಚಾರಿಸಿದರೆ ಹೆಚ್ಚಿನ ಮಕ್ಕಳ ಹೆತ್ತವರು ಬದುಕಿದ್ದರು. ಮಕ್ಕಳು ಹೋಗುವ ಕಡೆ ಶಾಲೆ, ಆಟದ ಮೈದಾನ, ಈಜುಕೊಳ ಇರುತ್ತದೆ, ನೀವೂ ಬಂದು ನೋಡಬಹುದು ಎಂಬ ಮಾತು ನಂಬಿ ಅವರೇ ಮಕ್ಕಳನ್ನು ಒಪ್ಪಿಸಿದ್ದರು. ಆ ಹತ್ತು ಮಂದಿಯ ಭಕ್ತಿಯನ್ನು ನಾನು ಶಂಕಿಸುವುದಿಲ್ಲ. ಆದರೆ ಭಕ್ತಿ ದತ್ತುಪತ್ರವಲ್ಲ.

ದೇಶದಿಂದ ದೇಶಕ್ಕೆ ದತ್ತು ಕೊಡುವ ಕುರಿತ 1993ರ ಅಂತರರಾಷ್ಟ್ರೀಯ ಹೇಗ್ ಒಪ್ಪಂದದ ಪ್ರಕಾರ ಮೊದಲು ಮಗುವಿನ ಸ್ವಂತ ದೇಶದಲ್ಲೇ ಕುಟುಂಬ ಹುಡುಕಬೇಕು. ಭಾರತವೂ ಇದಕ್ಕೆ ಬದ್ಧ. ಇಲ್ಲಿಂದ ಮಗುವನ್ನು ದತ್ತು ಪಡೆಯಲು ಬಯಸುವ ವಿದೇಶಿ ದಂಪತಿ ಅನಾಥಾಲಯದ ಬಾಗಿಲು ತಟ್ಟುವಂತಿಲ್ಲ, ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ ಮೂಲಕವೇ ಬರಬೇಕು.