ಬಾಚಣಿಗೆಯ ಕೂದಲಿಂದ ಎದ್ದು ಬಂದ ಹೆಂಡತಿ, ಮತ್ತು ಕಾಣೆಯಾದ ಮಗು

ನಿನ್ನೆ ರಾತ್ರಿ ಓದಿದ ವೈಜ್ಞಾನಿಕ ಕತೆಯೊಂದರ ಸಿಟ್ಟು ಇನ್ನೂ ಇಳಿದಿಲ್ಲ. ಹೆಂಡತಿ ತೀರಿಹೋಗಿದ್ದಾಳೆ. ಅವಳ ತದ್ರೂಪಿ, ಅಂದರೆ ಕ್ಲೋನ್, ಮಾಡಿಸಲು ಬಾಚಣಿಗೆಗೆ ಸಿಕ್ಕಿದ್ದ ಅವಳ ಕೂದಲನ್ನು ಗಂಡ ಪ್ರಯೋಗಾಲಯಕ್ಕೆ ಕೊಡುತ್ತಾನೆ. ಕೆಲವೇ ತಿಂಗಳಿಗೆ ಅವಳು ಅದೇ ವಯಸ್ಸು, ಅದೇ ನಗು ಹೊತ್ತು ಬಾಗಿಲಲ್ಲಿ ನಿಂತಿರುತ್ತಾಳೆ. ಓದಿದವರೆಲ್ಲ ಅತ್ತಿದ್ದಾರೆ. ನನಗೆ ಒಂದೇ ಪ್ರಶ್ನೆ: ನಡುವಿನ ಮಗು ಎಲ್ಲಿ ಹೋಯಿತು?

ಈ ಬಗೆಯ ಕತೆಗಳೆಂದರೆ ನನಗೆಷ್ಟು ಪ್ರಾಣ ಅಂತ ನಿಮಗೆ ಗೊತ್ತು. ಬೆಳಕನ್ನು ಹಿಂದೆ ಹಾಕುವ ನೌಕೆ ಬಂದರೂ ತಕರಾರು ತೆಗೆಯುವುದಿಲ್ಲ. ಆದರೆ ತದ್ರೂಪಿಯೂ ಹುಟ್ಟುವುದು ಕೂಸಾಗಿಯೇ; ಈ ಕತೆ ಒಂದಿಡೀ ಬಾಲ್ಯವನ್ನೇ ನುಂಗಿ ಹಾಕಿದೆ.

ಉದುರಿದ ಕೂದಲೆಳೆಯಲ್ಲಿ ಜೀವಂತ ಕೋಶವೇ ಇರುವುದಿಲ್ಲ. ಬೇಕಾದದ್ದು ಚರ್ಮದಂಥ ಕಡೆಯ ಬದುಕಿರುವ ಕೋಶ. ಅದನ್ನು ಪೋಷಕ ದ್ರವದಲ್ಲಿ ಬೆಳೆಸಿ, ಆಮೇಲೆ ಪೋಷಣೆ ಕಡಿಮೆ ಮಾಡಿ, ವಿಭಜನೆ ನಿಲ್ಲಿಸುತ್ತಾರೆ. ಇನ್ನೊಬ್ಬ ಹೆಣ್ಣಿನ ಅಂಡಾಣು ಬೇಕು. ಅದರ ಅಗಲ ಮಿಲಿಮೀಟರಿನ ಹತ್ತರಲ್ಲೊಂದು ಭಾಗ. ಸೂಕ್ಷ್ಮದರ್ಶಕದಡಿ ಒಂದು ಗಾಜಿನ ನಳಿಗೆ ಅದನ್ನು ಮೆಲ್ಲಗೆ ಹೀರಿ ಹಿಡಿದಿರುತ್ತದೆ. ಎದುರಿನಿಂದ ಸೂಜಿಯೊಂದು ಒಳಹೊಕ್ಕು ವಂಶವಾಹಿಗಳನ್ನು ಹೊತ್ತ ಅದರ ವರ್ಣತಂತುಗಳನ್ನು ಹೊರಗೆಳೆಯುತ್ತದೆ. ಅಲ್ಲಿಗೆ ತೀರಿಹೋದವರ ಕೋಶ ಸೇರಿಸಿ, ಸಣ್ಣ ವಿದ್ಯುತ್ ಆಘಾತ ಕೊಟ್ಟು ಬೆಸೆಯುತ್ತಾರೆ. ಆಮೇಲೆ ಒಂದು ಗರ್ಭ ಬೇಕು. ಒಂಬತ್ತು ತಿಂಗಳು ಹೊರುವ ಹೆಂಗಸು ಬೇಕು. ಕತೆಯಲ್ಲಿ ಅವಳೂ ಇಲ್ಲ!

ಒಬ್ಬಳು ಸಾಲುವುದೂ ಇಲ್ಲ. ಬೆಳೆದ ಕುರಿಯೊಂದರ ತದ್ರೂಪಿಯಾಗಿ 1996ರಲ್ಲಿ ಹುಟ್ಟಿದ ಡಾಲಿ ಕುರಿಗಾಗಿ 277 ಸಲ ಕೋಶ ಬೆಸೆದರು. ಗರ್ಭಕ್ಕೆ ಸೇರಿಸಲು ಸಿಕ್ಕಿದ್ದು 29 ಭ್ರೂಣ, ಹೊತ್ತದ್ದು 13 ಕುರಿ, ಹುಟ್ಟಿದ್ದು ಒಂದೇ ಮರಿ. 2018ರಲ್ಲಿ ಶಾಂಘೈ ವಿಜ್ಞಾನಿಗಳು ಪ್ರಕಟಿಸಿದ ಮಂಗಗಳ ಪ್ರಯೋಗ ಮನುಷ್ಯರಿಗೆ ಇನ್ನೂ ಹತ್ತಿರದ್ದು. ಭ್ರೂಣದ ಕೋಶದಿಂದ ಮಾಡಿದ ಎರಡು ಮರಿ ಬದುಕಿದವು. ಬೆಳೆದ ಮಂಗದ ಕೋಶದಿಂದ ಮಾಡಿದ ಭ್ರೂಣಗಳನ್ನು 42 ಹೆಣ್ಣು ಮಂಗಗಳ ಗರ್ಭಕ್ಕೆ ಸೇರಿಸಿದರು. ಎರಡು ಹುಟ್ಟಿದವು, ಎರಡೂ ಬೇಗನೆ ಸತ್ತವು. ತೀರಿಹೋದ ಹೆಂಡತಿಯದೂ ಬೆಳೆದ ಕೋಶವೇ ತಾನೆ? ಚರ್ಮದ ಕೋಶದಲ್ಲಿ ಚರ್ಮಕ್ಕೆ ಬೇಡದ ಎಷ್ಟೋ ವಂಶವಾಹಿಗಳಿಗೆ ಬೀಗ ಬಿದ್ದಿರುತ್ತದೆ. ಅಂಡಾಣು ಆ ಬೀಗಗಳನ್ನು ಅವಸರದಲ್ಲಿ ತೆಗೆಯಬೇಕು. ತೆಗೆಯದೆ ಉಳಿದರೆ ಗರ್ಭ ಇಳಿಯುತ್ತದೆ, ಮಾಸು ಕೆಡುತ್ತದೆ, ಹುಟ್ಟಿದ್ದು ಉಸಿರಿಗೆ ಒದ್ದಾಡುತ್ತದೆ. ಕೂಸಿನ ಮೇಲೆ ಇಂಥ ಪ್ರಯೋಗ ಮಾಡಲು ಯಾರ ದುಃಖ ಪರವಾನಗಿ ಕೊಡುತ್ತದೆ?

ಇಷ್ಟಾದರೂ ಅದೇ ವ್ಯಕ್ತಿ ಬರುವುದಿಲ್ಲ. 2001ರಲ್ಲಿ ಟೆಕ್ಸಾಸ್‌ನಲ್ಲಿ ಹುಟ್ಟಿದ ಸಿಸಿ ಎಂಬ ತದ್ರೂಪಿ ಬೆಕ್ಕನ್ನು ನೋಡಿ. ಮೂಲ ಬೆಕ್ಕಿನ ಮೈಮೇಲೆ ಕಿತ್ತಳೆ ಮಚ್ಚೆಗಳಿದ್ದವು, ಸಿಸಿಯ ಮೇಲೆ ಒಂದೂ ಇರಲಿಲ್ಲ. ಹೆಣ್ಣಿನ ಪ್ರತಿ ಕೋಶದಲ್ಲೂ ಎರಡು ಎಕ್ಸ್ ವರ್ಣತಂತುಗಳಲ್ಲಿ ಒಂದು ಮುಚ್ಚಿಕೊಂಡಿರುತ್ತದೆ. ಆರಿಸಿಕೊಂಡ ಕೋಶದಲ್ಲಿ ಕಿತ್ತಳೆ ಬಣ್ಣದ್ದು ಮುಚ್ಚಿತ್ತು, ಮತ್ತೆ ತೆರೆಯಲೇ ಇಲ್ಲ. ತುಪ್ಪಳದ ಬಣ್ಣವೇ ಮರಳದಿದ್ದಾಗ ಆ ನಗು, ಇಬ್ಬರೂ ಕಳೆದ ವರ್ಷಗಳ ನೆನಪು ಎಲ್ಲಿಂದ ಬರಬೇಕು?

ಒಂದೇ ಅಂಡಾಣುವಿನಿಂದ ಹುಟ್ಟಿದ ಅವಳಿಗಳೂ ತದ್ರೂಪಿಗಳೇ, ಅದರಲ್ಲಿ ತಪ್ಪೇನು ಅನ್ನುತ್ತಾರೆ. ಅವಳಿಗಳು ಒಟ್ಟಿಗೆ ಹುಟ್ಟುತ್ತಾರೆ ಸ್ವಾಮಿ. ಒಬ್ಬರ ಬದುಕು ಮುಗಿದ ಮೇಲೆ ಅದರ ಉಳಿದ ಭಾಗ ಬದುಕಲೆಂದು ಇನ್ನೊಬ್ಬರನ್ನು ಯಾರೂ ಹುಟ್ಟಿಸಿರುವುದಿಲ್ಲ.

ಕೊನೆಯ ಪುಟಕ್ಕೆ ನನಗೂ ಗಂಟಲು ಕಟ್ಟಿತು, ಒಪ್ಪುತ್ತೇನೆ. ಸಿಟ್ಟು ಹೆಚ್ಚಾದದ್ದೂ ಅದಕ್ಕೇ. ಲೆಕ್ಕ ಹಾಕಿ ನೋಡಿ: ಗಂಡನಿಗೆ 40 ಆಗಿದ್ದಾಗ ಆ ಮಗು ಹುಟ್ಟಿದರೆ, ಅವಳಿಗೆ 20 ತುಂಬುವಾಗ ಅವನಿಗೆ 60. ಅಷ್ಟು ವರ್ಷ ಅವನು ಸಾಕಿದ್ದು ಮಗಳನ್ನೋ, ಕಾದಿದ್ದು ಹೆಂಡತಿಯನ್ನೋ? ಗೋಡೆಯ ಫೋಟೊದಲ್ಲಿರುವ ಉದ್ದ ಜಡೆ ಬೇಡವೆಂದು ಆ ಹುಡುಗಿ ಒಂದು ದಿನ ಕತ್ತರಿ ಕೈಗೆತ್ತಿಕೊಂಡರೆ ಆ ಮನೆಯಲ್ಲಿ ಏನಾಗುತ್ತದೆ? ಆ ಕತೆಯನ್ನು ಯಾರಾದರೂ ಬರೆದಿದ್ದರೆ ಹೇಳಿ, ಇವತ್ತೇ ಓದುತ್ತೇನೆ.